ಅರಮನೆಯಿಂದ ಚಾವಡಿಗೆ ಬಂದ ದೇವರ ಪಟ: ರಾಜಾ ರವಿವರ್ಮರ ಬದುಕು

ಕಾಸರಗೋಡು: ನಮ್ಮ ಕಡೆ ಹಳೆಯ ಮನೆಯೊಂದನ್ನು ಕೆಡಹುತ್ತಾರೆ ಎಂಬ ಸುದ್ದಿ ಹಬ್ಬಿದರೆ ಸಾಕು, ಎರಡು ದಿನದೊಳಗೆ ಹಳೆ ಸಾಮಾನಿನ ವ್ಯಾಪಾರಿಗಳು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಹಲಸಿನ ಮರದ ಬಾಗಿಲು, ಬೀಟಿ ಮರದ ಮಂಚ, ಕಂಚಿನ ಉರುಳಿ, ಹಿತ್ತಾಳೆಯ ದೀಪ ಎಲ್ಲಕ್ಕೂ ಚೌಕಾಶಿ ನಡೆಯುತ್ತದೆ. ಚಾವಡಿಯ ಗೋಡೆಯಲ್ಲಿ ಹೊಗೆ ಹಿಡಿದು ತೂಗುತ್ತಿದ್ದ ಲಕ್ಷ್ಮಿ, ಸರಸ್ವತಿಯರ ಪಟಗಳಿಗೆ ಮಾತ್ರ ಚೌಕಾಶಿ ಇರುವುದಿಲ್ಲ. ಗಾಜು ಒಡೆದಿದೆ, ಕಾಗದ ಹಳದಿಯಾಗಿದೆ, ಬೇಕಿದ್ದರೆ ತೆಗೆದುಕೊಂಡು ಹೋಗಿ ಎಂದು ಮನೆಯವರೇ ಕೊಟ್ಟುಬಿಡುತ್ತಾರೆ. ಅಂಥ ಪಟವೊಂದು ಗೋಣಿಚೀಲದೊಳಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಕೆಳ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ಹೆಸರು ರವಿವರ್ಮ ಪ್ರೆಸ್.

ಇದೇ ರವಿವರ್ಮರು ಕೈಯಾರೆ ಬರೆದ ತೈಲಚಿತ್ರಗಳು ಇಂದು ಮುಂಬಯಿಯ ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಹೋಗುತ್ತವೆ. ಅವರ ಮುದ್ರಣಾಲಯದ ಕಾಗದದ ಪಟಗಳನ್ನೂ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಆದರೆ ಆ ಪಟಗಳನ್ನು ಮನೆಮನೆಗೆ ಮುಟ್ಟಿಸಲು ಹೋಗಿ ರವಿವರ್ಮರು ಸಾಲಗಾರರಾದರು, ಕೊನೆಗೆ ಮುದ್ರಣಾಲಯವನ್ನೇ ಮಾರಬೇಕಾಯಿತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಬದುಕನ್ನು ಒಮ್ಮೆ ನೆನಪಿಸಿಕೊಳ್ಳುವ ಪ್ರಯತ್ನ ಇಲ್ಲಿದೆ.

ಕಿಳಿಮಾನೂರಿನ ಹುಡುಗ

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವನಂತಪುರದಿಂದ ಉತ್ತರಕ್ಕಿರುವ ಕಿಳಿಮಾನೂರು ಅರಮನೆಯಲ್ಲಿ. ಅರಮನೆ ಎಂದ ಮಾತ್ರಕ್ಕೆ ಅದು ರಾಜ್ಯವಾಳಿದ ಮನೆತನವಲ್ಲ. ತಿರುವಾಂಕೂರು ರಾಜಮನೆತನದೊಡನೆ ತಲೆಮಾರುಗಳಿಂದ ಮದುವೆಯ ಸಂಬಂಧ ಬೆಳೆಸಿಕೊಂಡು ಬಂದ ಮನೆ. ತಾಯಿ ಉಮಾ ಅಂಬಾಬಾಯಿ ಕವಯಿತ್ರಿ. ತಂದೆ ಏಳುಮಾವಿಲ್ ನೀಲಕಂಠನ್ ಭಟ್ಟತಿರಿಪಾಡ್ ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ಪುರಾಣ, ಶ್ಲೋಕ, ಕಥಕಳಿಯ ಪದಗಳು ದಿನನಿತ್ಯ ಕೇಳಿಬರುತ್ತಿದ್ದವು. ಮುಂದೆ ಅವರ ಚಿತ್ರಗಳಲ್ಲಿ ಶಕುಂತಲೆ, ದಮಯಂತಿ, ದ್ರೌಪದಿಯರು ಅಷ್ಟು ಸಹಜವಾಗಿ ಬಂದದ್ದರ ಹಿಂದೆ ಈ ಬಾಲ್ಯವಿದೆ.

ಹುಡುಗ ಇದ್ದಿಲಿನಿಂದ ಅರಮನೆಯ ಗೋಡೆಗಳ ಮೇಲೆ ಪ್ರಾಣಿಗಳ ಚಿತ್ರ ಬರೆಯುತ್ತಿದ್ದ, ಕೆಲಸದವರು ದೂರು ಕೊಟ್ಟರು, ಆದರೆ ಸೋದರಮಾವ ರಾಜರಾಜವರ್ಮರು ಗದರಿಸುವ ಬದಲು ಬರೆಯುವುದನ್ನು ಕಲಿಸಿದರು ಎಂದು ಹೇಳುತ್ತಾರೆ. ಮಾವನೂ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದವರು. 14ನೆಯ ವಯಸ್ಸಿನಲ್ಲಿ ಸೋದರಳಿಯನನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋಗಿ ಮಹಾರಾಜ ಆಯಿಲ್ಯಂ ತಿರುನಾಳ್ ಅವರ ಆಶ್ರಯದಲ್ಲಿ ಬಿಟ್ಟವರೂ ಅವರೇ.

1866ರಲ್ಲಿ ಮಾವೇಲಿಕ್ಕರ ಅರಮನೆಯ ಭಾಗೀರಥಿಬಾಯಿ ಅವರೊಡನೆ ಮದುವೆಯಾಯಿತು. ಆಗ ವರನಿಗೆ 18 ವರ್ಷ. ವಧುವಿನ ಅಕ್ಕ ತಿರುವಾಂಕೂರು ರಾಜಮನೆತನಕ್ಕೆ ದತ್ತು ಹೋಗಿದ್ದವರು. ಹೀಗಾಗಿ ಚಿತ್ರಗಾರನಿಗೆ ಅರಮನೆಯೊಡನೆ ಕರುಳಿನ ನಂಟೂ ಬೆಳೆಯಿತು.

ಬಣ್ಣದ ಗುಟ್ಟು ಬಿಟ್ಟುಕೊಡದ ಗುರುಗಳು

ಆ ಕಾಲದಲ್ಲಿ ತೈಲವರ್ಣ ನಮ್ಮಲ್ಲಿ ಹೊಸತು. ತಿಳಿದವರು ಇನ್ನೊಬ್ಬರಿಗೆ ಹೇಳಿಕೊಡುತ್ತಿರಲಿಲ್ಲ. ಆಸ್ಥಾನದಲ್ಲಿದ್ದ ಮಧುರೆಯ ರಾಮಸ್ವಾಮಿ ನಾಯ್ಕರ್ ಅವರಿಗೆ ತೈಲಚಿತ್ರದ ಕೆಲಸ ಗೊತ್ತಿತ್ತು. ಆದರೆ ಈ ಹುಡುಗ ಮುಂದೆ ತನಗೇ ಎದುರಾಳಿಯಾದಾನು ಎಂಬ ಅಂಜಿಕೆಯಿಂದ ಅವರು ಕಲಿಸಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಗುರುವಿಗೆ ತಿಳಿಯದಂತೆ ರಾತ್ರಿಯ ಹೊತ್ತು ಬಂದು ಒಂದಿಷ್ಟು ಹೇಳಿಕೊಟ್ಟರು.

1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಗಾರ ರಾಜಮನೆತನದವರ ಚಿತ್ರ ಬರೆಯಲು ತಿರುವನಂತಪುರಕ್ಕೆ ಬಂದರು. ಅವರೂ ಕಲಿಸಲಿಲ್ಲ. ಮಹಾರಾಜರ ಮಾತಿಗೆ ಕಟ್ಟುಬಿದ್ದು, ತಾನು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಮಾತ್ರ ಬಿಟ್ಟರು. ರವಿವರ್ಮರು ನೋಡಿದರು. ಬಣ್ಣವನ್ನು ಎಷ್ಟು ತೆಳುಮಾಡಬೇಕು, ಮುಖದ ಮೇಲೆ ಬೆಳಕು ಎಲ್ಲಿ ಬೀಳಬೇಕು ಎಂಬುದನ್ನು ಕಣ್ಣಿನಲ್ಲೇ ಕಲಿತು, ರೂಢಿ ಮಾಡಿಕೊಂಡರು. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಅವರು ಹತ್ತಲಿಲ್ಲ.

ಕೊಲ್ಲೂರಿನ 41 ದಿನ

ನಮ್ಮ ಕರಾವಳಿಗೂ ರವಿವರ್ಮರಿಗೂ ಇರುವ ನಂಟು ಇಲ್ಲಿ ಬರುತ್ತದೆ. ಚಿತ್ರ ಬರೆಯುವುದನ್ನೇ ಜೀವನದ ವೃತ್ತಿಯಾಗಿ ಹಿಡಿಯಬೇಕೇ ಬೇಡವೇ ಎಂಬ ಹೊಯ್ದಾಟದಲ್ಲಿದ್ದ ಅವರು 1870ರ ಸುಮಾರಿಗೆ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಬಂದು 41 ದಿನ ವ್ರತ ಹಿಡಿದು ಭಜನೆ ಕುಳಿತರು. ಆಗ ಕಾಸರಗೋಡೂ ಕೊಲ್ಲೂರೂ ಮದ್ರಾಸ್ ಪ್ರಾಂತ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಈ ಕರಾವಳಿಯಲ್ಲಿ ಆಗಿನ್ನೂ ರೈಲು ಇರಲಿಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅಂದರೆ ರವಿವರ್ಮರು ತೀರಿಕೊಂಡ ಮರುವರ್ಷ. ತಿರುವನಂತಪುರದಿಂದ ಕೊಲ್ಲೂರಿಗೆ ಬರುವುದೆಂದರೆ ಎಷ್ಟೋ ಹೊಳೆಗಳನ್ನು ದಾಟುವ ಪ್ರಯಾಣ.

ಹಿಂದಿರುಗುವಾಗ ಕೋಳಿಕ್ಕೋಡಿನಲ್ಲಿ ಸಬ್ ಜಡ್ಜ್ ಆಗಿದ್ದ ಕಿಳಕ್ಕೆ ಪಾಲಾಟ್ ಕೃಷ್ಣ ಮೇನೋನ್ ಅವರ ಕುಟುಂಬದ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಹಣ ಪಡೆದು ಅವರು ಮಾಡಿದ ಮೊದಲ ಕೆಲಸ ಅದು. ದೊಡ್ಡಮನೆಯ ಗಂಡಸೊಬ್ಬ ಕೂಲಿಗೆ ಚಿತ್ರ ಬರೆಯುವುದನ್ನು ಗೌರವದ ವಿಷಯವೆಂದು ಯಾರೂ ಭಾವಿಸದ ಕಾಲ. ಆ ಲೆಕ್ಕದಲ್ಲಿ ಅವರು ಕೊಲ್ಲೂರಿನಿಂದ ತಿರುಗಿಹೋದದ್ದು ಬೇರೆಯೇ ಮನುಷ್ಯರಾಗಿ. ಮೂಕಾಂಬಿಕೆಯ ಮೇಲಿನ ಭಕ್ತಿ ಅವರಲ್ಲಿ ಕೊನೆಯವರೆಗೂ ಉಳಿಯಿತು.

ಪದಕಗಳು, ಅರಮನೆಗಳು

1873ರಲ್ಲಿ ಮದ್ರಾಸಿನ ಕಲಾ ಪ್ರದರ್ಶನದಲ್ಲಿ, ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಸ್ತ್ರೀಯ ಚಿತ್ರಕ್ಕೆ ಗವರ್ನರರ ಚಿನ್ನದ ಪದಕ ಬಂತು. ಅದೇ ವರ್ಷ ಆಸ್ಟ್ರಿಯಾದ ವಿಯೆನ್ನಾದ ಅಂತಾರಾಷ್ಟ್ರೀಯ ಪ್ರದರ್ಶನದಲ್ಲೂ ಮನ್ನಣೆ ಸಿಕ್ಕಿತು. 1876ರಲ್ಲಿ, ಶಕುಂತಲೆ ಹುಲ್ಲಿನ ಮೇಲೆ ಒರಗಿ ದುಷ್ಯಂತನಿಗೆ ಓಲೆ ಬರೆಯುವ ಚಿತ್ರವನ್ನು ಮದ್ರಾಸ್ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಅವರೇ ಕೊಂಡರು. ಮೂವತ್ತು ತುಂಬುವ ಮೊದಲೇ ರವಿವರ್ಮರ ಹೆಸರು ದಕ್ಷಿಣದಲ್ಲೆಲ್ಲ ಹಬ್ಬಿತು.

1880ರಲ್ಲಿ ಆಯಿಲ್ಯಂ ತಿರುನಾಳ್ ತೀರಿಕೊಂಡರು. ಅವರ ನಂತರ ಪಟ್ಟಕ್ಕೆ ಬಂದ ವಿಶಾಖಂ ತಿರುನಾಳ್ ಅವರೊಡನೆ ರವಿವರ್ಮರಿಗೆ ಹೊಂದಿಕೆಯಾಗಲಿಲ್ಲ. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ತಿರುವಾಂಕೂರಿನಲ್ಲಿ ಮೊದಲು ದಿವಾನರಾಗಿದ್ದ ಟಿ. ಮಾಧವರಾವ್ ಆಗ ಬರೋಡಾದ ದಿವಾನರು. ಅವರ ಮೂಲಕ ಬರೋಡಾದಿಂದ ಕರೆ ಬಂತು. 1881ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು ಅಧಿಕಾರ ವಹಿಸಿಕೊಂಡಾಗ ರವಿವರ್ಮರು ತಮ್ಮ ಸಿ. ರಾಜರಾಜವರ್ಮರೊಡನೆ ಅಲ್ಲಿಗೆ ಹೋದರು.

1885ರಲ್ಲಿ ಮೈಸೂರಿನ ಕರೆ. ಹತ್ತನೆಯ ಚಾಮರಾಜ ಒಡೆಯರು ರಾಜಮನೆತನದ ಚಿತ್ರಗಳನ್ನು ಬರೆಸಿದರು. ಭಾರತದ ಬೇರೆಬೇರೆ ಕಡೆಯ ಉಡುಪು ತೊಟ್ಟ 11 ಮಂದಿ ಹೆಂಗಸರು ವಾದ್ಯಗಳೊಡನೆ ಸೇರಿರುವ ಪ್ರಸಿದ್ಧ ಚಿತ್ರವೂ ಮೈಸೂರಿಗಾಗಿ ಬರೆದದ್ದೇ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರಿಗೆ ಅದರ ನೆನಪಿರಬಹುದು.

1888ರಲ್ಲಿ ಬರೋಡಾ ಮಹಾರಾಜರು ಹೊಸ ಲಕ್ಷ್ಮೀವಿಲಾಸ ಅರಮನೆಗಾಗಿ 14 ಪುರಾಣ ಚಿತ್ರಗಳನ್ನು ಬರೆಯಲು ಹೇಳಿದರು. ಸೀತೆ, ದ್ರೌಪದಿಯರಿಗೆ ಎಂಥ ಸೀರೆ ಉಡಿಸಬೇಕು ಎಂಬ ಪ್ರಶ್ನೆ ಎದ್ದಿತು. ಅಣ್ಣ ತಮ್ಮ ಇಬ್ಬರೂ ಉತ್ತರ ಭಾರತದ ತುಂಬ ತಿರುಗಿ ಉಡುಗೆ ತೊಡುಗೆಗಳನ್ನು ಗಮನಿಸಿದರು. ಅವರ ಪುರಾಣದ ಹೆಂಗಸರಲ್ಲಿ ಅನೇಕರು ಮರಾಠಿಗರ ಸೀರೆಯಲ್ಲಿ ಕಾಣಿಸುವುದು ಈ ಹುಡುಕಾಟದ ಫಲ. ಚಿತ್ರಗಳಿಗೆ ಸಿಕ್ಕಿದ 50,000 ರೂಪಾಯಿ ಆ ಕಾಲಕ್ಕೆ ಬಹುದೊಡ್ಡ ಮೊತ್ತ. ಅರಮನೆಗೆ ಸೇರುವ ಮೊದಲು ಅವನ್ನು ತಿರುವನಂತಪುರ, ಮುಂಬಯಿಗಳಲ್ಲಿ ಪ್ರದರ್ಶನಕ್ಕಿಟ್ಟಾಗ ನೋಡಲು ಜನ ಮುಗಿಬಿದ್ದರು. 1893ರಲ್ಲಿ ಅಮೆರಿಕದ ಷಿಕಾಗೋ ಪ್ರದರ್ಶನಕ್ಕೆ ಕಳುಹಿಸಿದ 10 ಚಿತ್ರಗಳಿಗೂ ಪದಕ ಬಂತು. ಚಿತ್ರ ಬೇಕೆಂದು ಬರುವ ಪತ್ರಗಳ ರಾಶಿ ತಡೆಯಲಾರದೆ ಕಿಳಿಮಾನೂರಿನಲ್ಲಿ ಅಂಚೆ ಕಚೇರಿಯನ್ನೇ ತೆರೆಯಬೇಕಾಯಿತು ಎಂಬ ಮಾತಿದೆ.

ಕಲ್ಲಿನಿಂದ ಕಾಗದಕ್ಕೆ

ಒಬ್ಬ ಚಿತ್ರಗಾರ ಎರಡು ಕೈಯಲ್ಲಿ ಎಷ್ಟು ಬರೆದಾನು? ಆಯ್ದ ಚಿತ್ರಗಳನ್ನು ಯುರೋಪಿಗೆ ಕಳುಹಿಸಿ ಅಚ್ಚು ಹಾಕಿಸಿ, ಬೇಡಿಕೆ ತೀರುತ್ತದೆ, ದೇಶಕ್ಕೂ ಉಪಕಾರವಾಗುತ್ತದೆ ಎಂದು ಮಾಧವರಾವ್ ಹಿಂದೆಯೇ ಸಲಹೆ ಕೊಟ್ಟಿದ್ದರು. ರವಿವರ್ಮರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುದ್ರಣಾಲಯವನ್ನು ಇಲ್ಲೇ ಹಾಕಲು ಹೊರಟರು. ಮುಂಬಯಿಯ ಒಬ್ಬ ವ್ಯಾಪಾರಿಯ ಪಾಲುದಾರಿಕೆಯಲ್ಲಿ 1894ರಲ್ಲಿ ಮುದ್ರಣಾಲಯ ಶುರುವಾಯಿತು. ಯಂತ್ರಗಳೂ ಅದನ್ನು ನಡೆಸುವ ತಂತ್ರಜ್ಞರೂ ಜರ್ಮನಿಯಿಂದ ಬಂದರು. ಮೊದಲು ಅಚ್ಚಾದ ಚಿತ್ರ ಶಕುಂತಲೆಯ ಜನನ.

ಈ ಕೆಲಸ ಸುಲಭದ್ದಲ್ಲ. ನುಣುಪಾದ ಸುಣ್ಣದ ಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯಬೇಕು. ಕಲ್ಲಿಗೆ ನೀರು ಸವರಿದರೆ ಜಿಡ್ಡು ಇರುವ ಜಾಗ ನೀರನ್ನು ಒಲ್ಲದೆ ಬಣ್ಣವನ್ನು ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಕಾಗದ ಹತ್ತಾರು ಸಲ ಯಂತ್ರದೊಳಗೆ ಹೋಗಿ ಬರಬೇಕು. ಪ್ರತಿಸಲವೂ ಕೂದಲೆಳೆಯಷ್ಟೂ ಆಚೀಚೆ ಸರಿಯಕೂಡದು. ಕೊನೆಗೆ ವಾರ್ನಿಷ್ ಹಚ್ಚಿ, ಬಟ್ಟೆಯ ನೇಯ್ಗೆಯಂತೆ ಕಾಣುವ ಅಚ್ಚು ಒತ್ತಿದರೆ ಅದು ತೈಲಚಿತ್ರದ ಹಾಗೆಯೇ ಹೊಳೆಯುತ್ತದೆ. ಓಲಿಯೋಗ್ರಾಫ್ ಎಂಬ ಹೆಸರು ಬಂದದ್ದು ಅದಕ್ಕಾಗಿಯೇ.

ಈ ಪಟಗಳು ಊರೂರಿಗೆ ಹೋದವು. ಜನ ಅವಕ್ಕೆ ಗಾಜು ಹಾಕಿಸಿದರು, ಕುಂಕುಮ ಇಟ್ಟರು. ಕೆಲವರು ಸೀರೆಯ ಭಾಗಕ್ಕೆ ಜರಿ, ಚಮಕಿ ಅಂಟಿಸಿ ದೇವಿಗೆ ನಿಜವಾಗಿ ಸೀರೆ ಉಡಿಸಿದರು. ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಆ ಕಾಲದಲ್ಲಿ ಸಾವಿರಾರು ಜನರಿಗೆ ದೇವಸ್ಥಾನದೊಳಗೆ ಕಾಲಿಡಲು ಬಿಡುತ್ತಿರಲಿಲ್ಲ. ರವಿವರ್ಮರ ತಾಯ್ನೆಲವಾದ ತಿರುವಾಂಕೂರಿನಲ್ಲಿ ಎಲ್ಲ ಹಿಂದೂಗಳಿಗೂ ದೇವಸ್ಥಾನ ಪ್ರವೇಶದ ಘೋಷಣೆಯಾದದ್ದು 1936ರಲ್ಲಿ. ಅದಕ್ಕೂ ನಾಲ್ಕು ದಶಕ ಮೊದಲೇ ಕಾಗದದ ಲಕ್ಷ್ಮಿ ಜಾತಿ ಕೇಳದೆ ಯಾರ ಮನೆಗೆ ಬೇಕಾದರೂ ಹೋಗುತ್ತಿದ್ದಳು. ಗರ್ಭಗುಡಿಯ ಮುಂದೆ ನಿಲ್ಲಲು ಅವಕಾಶವಿಲ್ಲದವರೂ ದೇವಿಯ ಮುಖವನ್ನು ಹತ್ತಿರದಿಂದ ಕಂಡರು.

ಸಾಲ, ಪ್ಲೇಗ್, ಮಾರಾಟ

ಹೆಸರು ಬಂತು, ಹಣ ಬರಲಿಲ್ಲ. ಮುದ್ರಣಾಲಯದ ಮೇಲುಸ್ತುವಾರಿ ತಮ್ಮ ರಾಜರಾಜವರ್ಮರ ತಲೆಗೆ ಬಿತ್ತು. ಅವರೂ ಒಳ್ಳೆಯ ಚಿತ್ರಗಾರರೇ ಹೊರತು ವ್ಯಾಪಾರಿಯಲ್ಲ. ಯಂತ್ರ, ಕಲ್ಲು, ಪರದೇಶದ ತಂತ್ರಜ್ಞರ ಸಂಬಳ ಎಲ್ಲವೂ ದುಬಾರಿ. ಪಾಲುದಾರಿಕೆ ಹೆಚ್ಚು ಕಾಲ ಬಾಳಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡಿದರು, ವ್ಯಾಪಾರ ನಿಂತಿತು. 1899ರಲ್ಲಿ ಮುದ್ರಣಾಲಯವನ್ನು ಲೋನಾವಳದ ಹತ್ತಿರದ ಮಳವಲಿಗೆ ಸಾಗಿಸಿದರು. ಅಷ್ಟರಲ್ಲಿ ಸಾಲ ಕತ್ತಿನವರೆಗೆ ಬಂದಿತ್ತು. ಶತಮಾನ ತಿರುಗುತ್ತಿದ್ದ ಹಾಗೆಯೇ ತಮ್ಮಲ್ಲಿ ತಂತ್ರಜ್ಞರಾಗಿದ್ದ ಜರ್ಮನಿಯ ಫ್ರಿಟ್ಜ್ ಷ್ಲೈಖರ್ ಅವರಿಗೆ ಮುದ್ರಣಾಲಯವನ್ನು ಮಾರಿದರು. ಅದರೊಡನೆ ಬಹಳಷ್ಟು ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಹೋಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಮುದ್ರಣಾಲಯ ಸರಿಯಾಗಿ ನಡೆದದ್ದು ಆ ನಂತರವೇ. ಹೊಸ ಮಾಲೀಕರು ವ್ಯಾಪಾರ ಬಲ್ಲವರು. ದೇವರ ಪಟಗಳ ಜೊತೆಗೆ ಬೆಂಕಿಪೊಟ್ಟಣದ ಚೀಟಿ, ಜಾಹೀರಾತು ಮೊದಲಾದವನ್ನೂ ಅಚ್ಚು ಹಾಕಿದರು. ನಮ್ಮ ಅಜ್ಜ ಅಜ್ಜಿಯರ ಮನೆಗೆ ಬಂದ ಪಟಗಳಲ್ಲಿ ಹೆಚ್ಚಿನವು ಈ ಕಾಲದವು. ಪಟದ ಮೇಲೆ ರವಿವರ್ಮರ ಹೆಸರಿತ್ತು, ಲಾಭ ಮಾತ್ರ ಅವರದಾಗಿರಲಿಲ್ಲ. ಮುಂದೆ ಭಾರತೀಯ ಚಲನಚಿತ್ರದ ಪಿತಾಮಹ ಎನಿಸಿಕೊಂಡ ದಾದಾಸಾಹೇಬ್ ಫಾಲ್ಕೆ ಕೂಡ ಕೆಲಕಾಲ ಇದೇ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದರು.

ಕೊನೆಯ ವರ್ಷಗಳು

1891ರಲ್ಲೇ ಪತ್ನಿಯನ್ನು ಕಳೆದುಕೊಂಡಿದ್ದ ರವಿವರ್ಮರಿಗೆ ತಮ್ಮನೇ ಸಂಗಾತಿ, ಸಹಾಯಕ, ಲೆಕ್ಕಿಗ ಎಲ್ಲವೂ ಆಗಿದ್ದರು. ಎಷ್ಟೋ ಚಿತ್ರಗಳ ಹಿನ್ನೆಲೆಯ ಗುಡ್ಡ, ಮರ, ಆಕಾಶ ಬರೆದವರು ರಾಜರಾಜವರ್ಮರು. ಪ್ರವಾಸಗಳ ದಿನಚರಿ ಬರೆದಿಟ್ಟವರೂ ಅವರೇ. 1904ರಲ್ಲಿ ಬ್ರಿಟಿಷ್ ಸರಕಾರ ರವಿವರ್ಮರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕ ಕೊಟ್ಟಿತು. ಮರುವರ್ಷವೇ, 1905ರ ಆರಂಭದಲ್ಲಿ, ತಮ್ಮ ತೀರಿಕೊಂಡರು. ಅಣ್ಣ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ.

ಆದರೂ ಒಪ್ಪಿಕೊಂಡ ಕೆಲಸವನ್ನು ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಒಂಬತ್ತು ಪುರಾಣ ಚಿತ್ರಗಳನ್ನು ಬರೆಯುವ ಕೆಲಸ ಕೈಯಲ್ಲಿತ್ತು. ಸಿಹಿಮೂತ್ರ ರೋಗದಿಂದ ಬಳಲುತ್ತಿದ್ದರೂ ಅದನ್ನು ಮುಗಿಸಿಕೊಟ್ಟರು. 1906ರ ಅಕ್ಟೋಬರ್ 2ರಂದು, 58ನೆಯ ವಯಸ್ಸಿನಲ್ಲಿ, ಹುಟ್ಟಿದ ಕಿಳಿಮಾನೂರಿನಲ್ಲೇ ಕಣ್ಣುಮುಚ್ಚಿದರು.

ಅವರ ಹಿರಿಯ ಮಗಳು ಮಹಾಪ್ರಭಾ ಅವರ ಮಗಳಾದ ಸೇತು ಲಕ್ಷ್ಮೀಬಾಯಿ 1900ರಲ್ಲಿ ತಿರುವಾಂಕೂರು ರಾಜಮನೆತನಕ್ಕೆ ದತ್ತು ಹೋದರು. 1924ರಿಂದ 1931ರವರೆಗೆ ಅವರು ರಾಜ್ಯದ ಆಡಳಿತ ನಡೆಸಿದರು. 1950ರ ದಶಕದ ಕೊನೆಗೆ ಬೆಂಗಳೂರಿಗೆ ಬಂದು ನೆಲೆಸಿ, 1985ರಲ್ಲಿ ಅಲ್ಲೇ ತೀರಿಕೊಂಡರು.

ತೆಗಳಿಕೆಯಿಂದ ಹರಾಜಿನ ಕಟ್ಟೆಗೆ

ರವಿವರ್ಮರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅವರ ಹೆಸರಿಗೆ ಮಂಕು ಕವಿಯಿತು. ಬಂಗಾಳದ ಹೊಸ ಚಿತ್ರಗಾರರೂ ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದ ವಿಮರ್ಶಕರೂ ಅವರ ಚಿತ್ರಗಳು ಪರದೇಶದ ಅನುಕರಣೆ, ದೇವರನ್ನು ನಾಟಕದ ಪಾತ್ರದಂತೆ ಮಾಡಿದವು ಎಂದು ಖಂಡಿಸಿದರು. ಆ ಟೀಕೆಯಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಆದರೆ ಮನೆಯ ಗೋಡೆಯಲ್ಲಿದ್ದ ಪಟವನ್ನು ಯಾರೂ ಇಳಿಸಲಿಲ್ಲ. ಇಂದಿಗೂ ಕ್ಯಾಲೆಂಡರಿನ ಸರಸ್ವತಿ ಕಲ್ಲಿನ ಮೇಲೆ ಕುಳಿತು ವೀಣೆ ಹಿಡಿದು, ಪಕ್ಕದಲ್ಲಿ ನವಿಲಿನೊಡನೆ ಕಾಣಿಸುತ್ತಾಳೆಂದರೆ ಅದು ರವಿವರ್ಮರ ಬಳುವಳಿ.

1972ರಲ್ಲಿ ಮಳವಲಿಯ ಮುದ್ರಣಾಲಯ ಬೆಂಕಿಗೆ ಆಹುತಿಯಾಯಿತು. ಅಲ್ಲಿದ್ದ ಎಷ್ಟೋ ಮೂಲ ಅಚ್ಚುಗಳೂ ಹೋದವು. ಅದೇ ವರ್ಷ ಪ್ರಾಚೀನ ವಸ್ತು ಮತ್ತು ಕಲಾನಿಧಿಗಳ ಕಾಯಿದೆ ಬಂತು. 1979ರಲ್ಲಿ ರವಿವರ್ಮರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿ ಎಂದು ಘೋಷಿಸಲಾಯಿತು. ಅಂದರೆ ಭಾರತದಲ್ಲಿರುವ ಅವರ ಚಿತ್ರವನ್ನು ಇಲ್ಲೇ ಕೊಳ್ಳಬಹುದು, ಮಾರಬಹುದು, ಹೊರದೇಶಕ್ಕೆ ಒಯ್ಯುವಂತಿಲ್ಲ. 2016ರಲ್ಲಿ ಬೆಳದಿಂಗಳ ರಾಧೆಯ ಚಿತ್ರ ಮುಂಬಯಿಯ ಹರಾಜಿನಲ್ಲಿ 20 ಕೋಟಿ ರೂಪಾಯಿಗೂ ಮೇಲೆ ಹೋಯಿತು. 2023ರಲ್ಲಿ ಯಶೋದೆ ಮತ್ತು ಕೃಷ್ಣನ ಚಿತ್ರಕ್ಕೆ ಸುಮಾರು 38 ಕೋಟಿ ರೂಪಾಯಿ ಬಂತು. ಸಾಲಕ್ಕೆ ಹೆದರಿ ಮುದ್ರಣಾಲಯ ಮಾರಿದ ಮನುಷ್ಯನ ಒಂದೇ ಚಿತ್ರದ ಬೆಲೆ ಇದು.

ಕಾಗದದ ಪಟಗಳಿಗೆ ಅಂಥ ಬೆಲೆಯೇನೂ ಇಲ್ಲ. ಒಂದೇ ಚಿತ್ರದ ಸಾವಿರಾರು ಪ್ರತಿಗಳು ಅಚ್ಚಾಗಿರುವುದರಿಂದ ಕೋಟಿಯ ಕನಸು ಕಾಣಬೇಕಾಗಿಲ್ಲ. ಆದರೆ ಚೆನ್ನಾಗಿ ಉಳಿದ ಹಳೆಯ ಪ್ರತಿಗಳಿಗೆ ಬೇಡಿಕೆ ಇದೆ. ನೋಡುವವರು ಮೊದಲು ನೋಡುವುದು ಕೆಳ ಅಂಚನ್ನು. ಮೊದಲಿನವುಗಳಲ್ಲಿ ಮುಂಬಯಿಯ ಹೆಸರಿರುತ್ತದೆ, ಆಮೇಲಿನವುಗಳಲ್ಲಿ ಕಾರ್ಲಾ–ಲೋನಾವಳ ಎಂದಿರುತ್ತದೆ. ಚೌಕಟ್ಟಿಗೆ ಹೊಂದಿಸಲೆಂದು ಅಂಚನ್ನು ಕತ್ತರಿಸಿದರೆ ಪಟದ ಜನ್ಮಪತ್ರಿಕೆಯನ್ನೇ ಕತ್ತರಿಸಿದಂತೆ. ಒದ್ದೆ ಬಟ್ಟೆಯಿಂದ ಚಿತ್ರವನ್ನು ಒರೆಸಬಾರದು, ಮಾಸಿದೆ ಎಂದು ಮೇಲೆ ಬಣ್ಣ ಹಚ್ಚಿಸಬಾರದು. ನಮ್ಮ ಮಳೆಗಾಲದ ತೇವ ಮತ್ತು ಗೆದ್ದಲಿನಿಂದ ಕಾಪಾಡಲು ಹೊರಗೋಡೆಯ ಬದಲು ಒಳಗೋಡೆಯಲ್ಲಿ, ಬಿಸಿಲು ನೇರ ಬೀಳದ ಕಡೆ ತೂಗುಹಾಕುವುದು ಒಳ್ಳೆಯದು. ಹೊಸ ಕಾಗದದಲ್ಲಿ ಅಚ್ಚು ಹಾಕಿ, ಹೊಗೆ ಹಿಡಿಸಿ, ಹಳೆಯದೆಂದು ಮಾರುವವರೂ ಇದ್ದಾರೆ. ಕೊಳ್ಳುವವರು ಎಚ್ಚರದಿಂದಿರಬೇಕು.

ಬೆಲೆಯ ಮಾತು ಹಾಗಿರಲಿ. ಗುರುಗಳು ಬಚ್ಚಿಟ್ಟ ವಿದ್ಯೆಯನ್ನು ಕದ್ದು ನೋಡಿ ಕಲಿತ ಒಬ್ಬರು, ತಮ್ಮ ವಿದ್ಯೆಯನ್ನು ಮಾತ್ರ ಬಚ್ಚಿಡಲಿಲ್ಲ. ಅರಮನೆಯ ಗೋಡೆಯಲ್ಲೇ ಉಳಿಯಬಹುದಾಗಿದ್ದ ಚಿತ್ರವನ್ನು ಬಡವರ ಚಾವಡಿಗೆ ಕಳುಹಿಸಿಕೊಟ್ಟರು. ಅದಕ್ಕಾಗಿ ತಾವು ನಷ್ಟಪಟ್ಟರು. ಮುಂದಿನ ಸಲ ಹಳೆಯ ಮನೆ ಕೆಡಹುವಾಗ, ಗೋಡೆಯ ಪಟವನ್ನು ಗೋಣಿಚೀಲಕ್ಕೆ ಹಾಕುವ ಮೊದಲು ಒಮ್ಮೆ ಗಾಜಿನ ಧೂಳು ಒರೆಸಿ ಕೆಳಗಿನ ಅಕ್ಷರಗಳನ್ನು ಓದಿ ನೋಡಿ. ಮಾರುವುದೋ ಇಟ್ಟುಕೊಳ್ಳುವುದೋ ಮನೆಯವರ ಇಷ್ಟ. ಏನನ್ನು ಕೊಟ್ಟುಬಿಡುತ್ತಿದ್ದೇವೆ ಎಂಬುದಾದರೂ ನಮಗೆ ತಿಳಿದಿರಲಿ.